ತೀರಿಹೋದವನ ಪತ್ರಿಕೆ

ಹರಿಗೋಲಲ್ಲ, ಬಂಡೆ — ನೀರು ಇಳಿದು ಬೆನ್ನು ಬಿಟ್ಟುಕೊಂಡ ಕರಿಬಂಡೆ, ಅಷ್ಟೇ, ಜಡೆಪ್ಪ ಹುಬ್ಬಿನ ಮೇಲೆ ಕೈ ಮರೆಮಾಡಿ ಮತ್ತೆ ನೋಡಿದ, ಬಿಸಿಲು ಹೊಳೆಯ ಮೇಲೆ ಕುಣಿಯುತ್ತಿದೆ, ಬಂಡೆ ಸರಿದಂತೆ, ನಿಂತಂತೆ, ಈಗ ಹರಿಗೋಲು, ಈಗ ಬಂಡೆ, ಥೂ ಇದರ, ನಡುಮಧ್ಯಾಹ್ನ ಹೊಳೆದಂಡಿಗೆ ಹೋಗಬ್ಯಾಡ್ರೋ, ಆ ಹೊತ್ತಿನಾಗ ಗಾಳಿ ತಿರಗತಾವು ಅಂತ ಅವ್ವ ಹೇಳುತ್ತಿದ್ದಳಲ್ಲ, ಸುಳ್ಳು ಹೇಳಿರಲಿಕ್ಕಿಲ್ಲ, ಹಂಪಿಯ ಈ ತಳವಾರಘಟ್ಟದಲ್ಲಿ ಒಂದು ನರಪಿಳ್ಳೆಯಿಲ್ಲ, ಮಂಟಪದ ನೆರಳಲ್ಲಿ ಕಾಗೆಯೊಂದು ಕೂಗುವುದನ್ನೂ ಬಿಟ್ಟು ಬಾಯಿ ತೆರೆದು ಕೂತಿದೆ, ಬಂಡಿಯ ಎತ್ತುಗಳು ಬಾಲ ಬೀಸುತ್ತಿಲ್ಲ. ಹೊಸಪೇಟೆಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡು ನಾಲ್ಕು ಜನರಿಂದ ಸಾವ್ಕಾರ್ರೇ ಅನ್ನಿಸಿಕೊಳ್ಳುವ ಮನುಷ್ಯ, ಯಾರ ದಾರಿ ಕಾಯುತ್ತಾ ಕೂತಿದ್ದೀಯಪ್ಪಾ ಅಂತ ತನ್ನನ್ನು ತಾನೇ ಕೇಳಿಕೊಂಡರೆ ಮೈ ಜುಮ್ಮೆನ್ನುತ್ತದೆ — ತಂಗಿಯ ಗಂಡ, ಪತ್ರಿಕೆಯ ಮರುಳಸಿದ್ದಪ್ಪ, ಸಂಕ್ರಾಂತಿ ಆದ ಮೇಲೆ ತಾನೇ ಮುಂದೆ ನಿಂತು ಮಣ್ಣು ಮಾಡಿದ ಮರುಳಸಿದ್ದಪ್ಪ. ಸತ್ತಿಲ್ಲ, ಸತ್ತಿಲ್ಲಪ್ಪಾ, ಪೊಲೀಸರ ಕಣ್ಣಿಗೆ ಮಣ್ಣೆರಚಲು ಆಡಿದ ನಾಟಕ ಅದು, ಹೊಳೆಯಾಚೆ ನಿಜಾಮನ ಸೀಮೆಯಲ್ಲಿ, ಆನೆಗೊಂದಿಯ ಹಾಳು ಮಂಟಪದಲ್ಲಿ ಅವನು ಕಲ್ಲುಗುಂಡಿನಂತೆ ಇದ್ದಾನೆ, ಇವತ್ತು ನಾಟಕ ಮುಗಿಯುತ್ತದೆ, ಇವತ್ತು ಈ ಬಂಡಿಯಲ್ಲೇ ಕೂಡಿಸಿಕೊಂಡು ಮನೆಗೆ ಕರೆದೊಯ್ಯುತ್ತೇನೆ, ತಂಗಿ ಸುವರ್ಣಿಗೆ ಮಾತು ಕೊಟ್ಟಾಗಿದೆ, ಬೆಳಿಗ್ಗೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ತನ್ನ ಕೈ ತಾನು ನೋಡಿಕೊಂಡಳು.

ಸುಗ್ರೀವಾಜ್ಞೆ ಹೋಯಿತಂತೆ, ದಿಲ್ಲಿಯಲ್ಲಿ ದೊಡ್ಡವರು ಕೂತು ಒಪ್ಪಂದಕ್ಕೆ ಸಹಿ ಹಾಕಿದರಂತೆ, ಪತ್ರಿಕೆಗಳ ಕುತ್ತಿಗೆ ಹಿಚುಕುವ ಕಾನೂನು ವಾಪಸಂತೆ — ಹೆಸರು ನೋಡು, ಸುಗ್ರೀವಾಜ್ಞೆ, ಇಲ್ಲೇ ಆ ಗುಡ್ಡದ ಮಗ್ಗುಲಿಗೆ ಸುಗ್ರೀವನ ಗವಿ ಇದೆ, ಪಾಪ ಆ ಕೋತಿರಾಜ ಇಂಥ ಕೆಟ್ಟ ಆಜ್ಞೆ ಜನ್ಮದಲ್ಲಿ ಹೊರಡಿಸಿರಲಿಕ್ಕಿಲ್ಲ, ಬರೆದವನನ್ನು ಹಿಡಿ, ಅಚ್ಚು ಹಾಕಿದವನನ್ನು ಬಡಿ, ಯಂತ್ರಕ್ಕೆ ಮೊಹರು ಹಾಕು. ಬಳ್ಳಾರಿಯಲ್ಲಿ, ಆದವಾನಿಯಲ್ಲಿ, ಗದಗಿನ ಕಡೆ, ಎಲ್ಲೆಲ್ಲಿ ಬಾಗಿಲು ಮುಚ್ಚಿಸಿದರೋ ಅಲ್ಲಲ್ಲಿಯ ಸುದ್ದಿಯೆಲ್ಲ ಜಡೆಪ್ಪನ ಗಿರಣಿಗೇ ಬರುತ್ತಿತ್ತು, ಭತ್ತದ ಬಂಡಿಗಳ ಜೊತೆ, ಕಂಪ್ಲಿಯ ಬಂಡಿಯವನು ಚೀಲ ಇಳಿಸುತ್ತಾ ಸಾವ್ಕಾರ್ರ, ಪೇಪರಿಗೆ ಬರೀತಿದ್ರಲ್ಲ ನಮ್ಮೂರ ಮಾಸ್ತರು, ನಿನ್ನೆ ಹಿಡ್ಕಂಡು ಹೋದ್ರು ಅನ್ನುತ್ತಿದ್ದ, ಬಂಡ್ರಿಯವನು ಬಂದರೆ ಬೇರೆ ಸುದ್ದಿ, ತೂಕದ ಕಲ್ಲಿನ ಸಪ್ಪಳದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ, ಸಂಜೆಗೆ ಅದು ಸಿದ್ದಪ್ಪನ ಕೈಗೆ, ವಾರಪತ್ರಿಕೆಯ ಕೊನೆಯ ಪುಟಕ್ಕೆ, ಬಾಯಿಗೆ ಬೀಗ ಅಂತ ಅಂಕಣದ ಹೆಸರು, ಯಾವ ಊರಲ್ಲಿ ಯಾರನ್ನು ಒಯ್ದರು, ಯಾವ ಅಚ್ಚುಕೂಟಕ್ಕೆ ಮೊಹರು ಬಿತ್ತು, ಎಲ್ಲಾ ಹೆಸರು ಹಿಡಿದು. ಒಳಗೆ ಹೋದವರ ಮನೆಗೆ ಮರಳುವ ಅದೇ ಬಂಡಿಯಲ್ಲಿ ಅಕ್ಕಿ, ಓಡಿಬಂದವರನ್ನು ಹೊಟ್ಟಿನ ಚೀಲದ ನಡುವೆ ಕೂಡಿಸಿ ಸಂಡೂರು ಸಂಸ್ಥಾನದ ಗಡಿ ದಾಟಿಸಿಬಿಟ್ಟರೆ ಮದರಾಸಿನ ಪೊಲೀಸರು ಗಡಿಕಲ್ಲಿನ ಈಚೆ ನಿಂತು ಮೀಸೆ ತೀಡಿಕೊಳ್ಳಬೇಕು ಅಷ್ಟೇ. ಊರಿಗೆ ಉಪಕಾರಿ ಮನಿಗೆ ಮಾರಿ ಅಂತ ಹೆಂಡತಿ ಬೈಯುತ್ತಿದ್ದಳು, ಬೈದುಕೋ ಮಾರಾಯ್ತಿ, ಆ ಕೆಲಸದಲ್ಲಿ ಒಂದು ಕುಶಿ ಇತ್ತು, ರಾತ್ರಿ ತಲೆಯಿಟ್ಟರೆ ನಿದ್ದೆ ಬರುತ್ತಿತ್ತು, ಈಗ ಬರುವುದಿಲ್ಲ.

ಗುಡ್ಡದ ಗಣಿಯಲ್ಲಿ ದರೆ ಕುಸಿದು ಸತ್ತ ಕೂಲಿಗಳ ಹೆಸರನ್ನು ಸಿದ್ದಪ್ಪ ಅಚ್ಚು ಹಾಕಿದ್ದೇ ಹಾಕಿದ್ದು, ಬೆಂಕಿ ಬಿತ್ತು, ಸತ್ತೇ ಇಲ್ಲ ಅಂತ ಸರಕಾರ ಹೇಳಿದವರ ಹೆಸರುಗಳು, ಊರ ಹೆಸರು, ಹೆಂಡಿರ ಹೆಸರು ಸಮೇತ. ರಾಜದ್ರೋಹ ಅಂದರು, ವಾರಂಟು ಹೊರಟಿತು, ಅಷ್ಟರಲ್ಲಿ ಕಂಪ್ಲಿಯ ಮಾಸ್ತರು ಜೈಲಿನಿಂದ ಬಿಡುಗಡೆಯಾಗಿ ಬಂದಿದ್ದರು, ಅವರ ಬಲಗೈಯ ಬೆರಳು ಒಂದೂ ಮಡಚುತ್ತಿರಲಿಲ್ಲ, ಗಿರಣಿಯ ಕಟ್ಟೆಯ ಮೇಲೆ ಕೂತು ಎಡಗೈಯಲ್ಲಿ ಚಹಾ ಕುಡಿದು ಏನಿಲ್ಲ ಜಡೆಪ್ಪನವರ, ಇನ್ನ ಬರಿಯಾಕ ಬರಂಗಿಲ್ಲ ಅಷ್ಟ ಅಂದರು, ನಕ್ಕರು ಬೇರೆ. ಆ ಬೆರಳು ನೋಡಿದ ಮೇಲೆ ಸಿದ್ದಪ್ಪನನ್ನು ಅವರ ಕೈಗೆ ಕೊಡುವುದು ಹೇಗೆ, ಸಂಡೂರಿನ ದಾರಿಗೆ ಕಾವಲು, ಸ್ಟೇಷನ್ನಿಗೆ ಕಾವಲು, ಹೊಳೆಗೆ ಕಾವಲು, ಬದುಕಿದವನು ದಾಟುವ ದಾರಿ ಒಂದೂ ಉಳಿದಿರಲಿಲ್ಲ — ಹೆಣಕ್ಕೆ ವಾರಂಟಿಲ್ಲವಲ್ಲ ಅಂತ ಹೊಳೆದದ್ದು ಜಡೆಪ್ಪನಿಗೇ, ಯಾರ ಬುದ್ಧಿಯೂ ಅಲ್ಲ, ಆ ಶನಿಬುದ್ಧಿ ತನ್ನದೇ. ನಮ್ಮ ಜನರಲ್ಲಿ ಹೆಣ ಮಲಗುವುದಿಲ್ಲ, ಕೂರುತ್ತದೆ, ಮಿಂದು ವಿಭೂತಿ ಬಳಿದುಕೊಂಡು ಹೂವು ಮುಡಿದು ವಿಮಾನ ಅನ್ನುವ ಚಟ್ಟದಲ್ಲಿ ರಾಜನ ಹಾಗೆ ಕೂತು ಊರು ನೋಡುತ್ತಾ ಹೋಗುತ್ತದೆ, ಕೂತ ಮನುಷ್ಯ ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿಕೊಂಡರೆ ಆಯಿತು, ಏನು ಮಹಾ. ವಾಂತಿಭೇದಿ ಅಂತ ಸುದ್ದಿ ಹಬ್ಬಿಸಿದರೆ ಹತ್ತಿರಕ್ಕೆ ಯಾರೂ ಬರುವುದಿಲ್ಲ. ಸುವರ್ಣಿಗೆ ಹೇಳಿದ್ದರು, ಹೊತ್ತೊಯ್ಯುವ ಗಿರಣಿಯ ಆಳುಗಳಿಗೆ ಹೇಳಿದ್ದರು, ಕೊಟ್ರಯ್ಯನಿಗೆ ಮಾತ್ರ ಹೇಳಿರಲಿಲ್ಲ, ಮನೆತನದ ಹಿರಿಯ ಜಂಗಮ, ಹಸುವಿನಂಥ ಮನುಷ್ಯ, ಸುಳ್ಳು ಮುಖದಲ್ಲಿ ನಿಲ್ಲುವುದಿಲ್ಲ ಅಂತ. ಅವರು ಬಂದರು, ಸಿದ್ದಪ್ಪನ ಎಡ ಅಂಗೈಯಲ್ಲಿ ಅವನ ಇಷ್ಟಲಿಂಗ ಇಟ್ಟರು, ಕಣ್ಣಲ್ಲಿ ನೀರು ಸುರಿಸುತ್ತಾ ಮಂತ್ರ ಹೇಳಿ ಬಲಗಾಲನ್ನು ಎತ್ತಿ ಅವನ ನೆತ್ತಿಯ ಮೇಲೆ ಇಟ್ಟರು, ಹೋಗು ಮಗನ, ಶಿವನಾಗ ಸೇರು ಅಂದರು, ಆ ಹೊತ್ತಿಗೆ ಒಳಮನೆಯಿಂದ ಕಲ್ಲಿನ ಮೇಲೆ ಬಳೆ ಒಡೆಯುವ ಸಪ್ಪಳ ಬಂತು. ಆಮೇಲೆ ಬೀದಿ, ಠಾಣೆಯ ಮುಂದೆ ಇನಸ್ಪೆಟ್ರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಟೋಪಿ ತೆಗೆದ, ಜಡೆಪ್ಪ ವಿಮಾನದ ಮಗ್ಗುಲಲ್ಲೇ ನಡೆಯುತ್ತಿದ್ದ, ನೋಡಿದ, ಒಂದು ನೊಣ ಸಿದ್ದಪ್ಪನ ತುಟಿಯ ಮೇಲೆ ಕೂತಿತು, ನಡೆದಾಡಿತು, ಮೂಗಿನ ಹೊಳ್ಳೆಯೊಳಗೆ ಇಣುಕಿ ಹೊರಗೆ ಬಂತು, ಆ ಮುಖ ಒಂದಿಷ್ಟಾದರೂ ಅಲುಗಬೇಕೋ ಬೇಡವೋ, ಭಲೆ ಸಿದ್ದಾ ಅಂತ ಮನಸ್ಸಿನಲ್ಲೇ ಮೆಚ್ಚಿಕೊಂಡ, ಮೆಚ್ಚಿಕೊಳ್ಳುತ್ತಲೇ ಅವನ ಎದೆ ಏರಿಳಿಯುತ್ತದೋ ಇಲ್ಲವೋ ಅಂತ ಕಣ್ಣಿಟ್ಟು ನೋಡಿದ.

ರುದ್ರಭೂಮಿಯಲ್ಲಿ ಗುಂಡಿ, ಗುಂಡಿಯ ಗೋಡೆಯಲ್ಲಿ ಗೂಡು, ಗೂಡಿನಲ್ಲಿ ಸಿದ್ದಪ್ಪ, ಸುತ್ತ ಬಿಲ್ವಪತ್ರೆ, ವಿಭೂತಿ, ಉಪ್ಪು — ಉಪ್ಪಿನ ಚೀಲಗಳ ಹೊಟ್ಟೆಯಲ್ಲಿ ಸೀಸದ ಅಚ್ಚುಮೊಳೆಗಳು, ಅಚ್ಚುಕೂಟಕ್ಕೆ ಮೊಹರು ಬೀಳುವ ಮೊದಲೇ ಜಡೆಪ್ಪ ಕದ್ದು ಸಾಗಿಸಿದ್ದು, ಹೆಣದ ಉಪ್ಪನ್ನು ಯಾವ ಪೇದೆ ತಡವಿ ನೋಡುತ್ತಾನೆ. ಕೊಟ್ರಯ್ಯ ಪತ್ರೆ ಹಾಕಿ ಬೆನ್ನು ತಿರುಗಿಸಿದರು, ಕೆಟ್ಟ ಬ್ಯಾನಿ ಹೆಣ, ನೀವು ಹೋಗ್ರಿ, ನಾವು ಮುಚ್ಚತೀವಿ ಅಂತ ಜಡೆಪ್ಪ ಜನರನ್ನು ಕಳಿಸಿದ, ಲೇ ಸಿದ್ದಾ, ಏಳೋ, ಎಲ್ಲಾರೂ ಹೋದ್ರು. ಏಳಲಿಲ್ಲ. ಸಿದ್ದಾ. ಉಪ್ಪು ಸೊಂಟದ ತನಕ ಬಂದಿತ್ತು, ಬೆನ್ನು ಗೂಡಿಗೆ ಆನಿಸಿ ಕೂತಿದ್ದ, ಜಡೆಪ್ಪ ಗುಂಡಿಗೆ ಇಳಿದು ಭುಜ ಹಿಡಿದು ಅಲುಗಿಸಿದ, ಆಗ ಕಣ್ಣು ತೆರೆದ, ಆದರೆ ಜಡೆಪ್ಪನನ್ನು ನೋಡಲಿಲ್ಲ, ಮೇಲೆ ಚೌಕಾಕಾರದ ಆಕಾಶವನ್ನು ನೋಡಿದ, ಇಲ್ಲೆ ಭಾಳ ತಂಪೈತಿ ಭಾವ ಅಂದ. ಎಳೆದು ಮೇಲಕ್ಕೆ ಹತ್ತಿಸಿ, ಆಳಿನ ಬಟ್ಟೆ ತೊಡಿಸಿ, ಜಾಲಿ ಪೊದೆಯ ಹಿಂದೆ ಬಿಟ್ಟು, ಮೊಳೆಯ ಚೀಲಗಳನ್ನು ಗೂಡಿನ ಮಗ್ಗುಲಿಗೆ ನೂಕಿ ಮಣ್ಣೆಳೆದದ್ದೇ ಎಳೆದದ್ದು, ಎಲ್ಲಾ ಸರಿಯಾಯಿತು, ಎಲ್ಲಾ ಲೆಕ್ಕ ಹಾಕಿದ ಹಾಗೇ — ಒಂದು ಬಿಟ್ಟು. ಲಿಂಗ. ಅಂಗೈಯಲ್ಲಿದ್ದ ಲಿಂಗ ಉಪ್ಪಿನಲ್ಲಿ ಉಳಿಯಿತು, ಇಬ್ಬರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ, ಪೊಲೀಸರನ್ನು ನೆನೆದೆವು, ಕಾವಲನ್ನು ನೆನೆದೆವು, ಹುಟ್ಟಿದಾಗ ಕಟ್ಟಿದ್ದನ್ನು ಮರೆತೆವು, ಅದನ್ನು ಪೂಜೆ ಮಾಡದೆ ಸಿದ್ದಪ್ಪ ಜನ್ಮದಲ್ಲಿ ತುತ್ತು ಬಾಯಿಗಿಟ್ಟವನಲ್ಲ, ಲಿಂಗ ಮಣ್ಣಿಗೆ ಹೋದವನು ನಮ್ಮವರ ಲೆಕ್ಕಕ್ಕೆ ಸತ್ತವನೇ ಅಂತ ಹಾಲು ಕುಡಿಯುವ ಕೂಸಿಗೂ ಗೊತ್ತು.

ಈಗ ಹರಿಗೋಲೇ ಇರಬೇಕು — ಅಲ್ಲ, ಬಂಡೆ. ಕಾಗೆ ಬಾಯಿ ಮುಚ್ಚಿತು. ಆಮೇಲೆ ಶುರುವಾಯಿತಲ್ಲ ಆ ಹಾಳೆಗಳ ಕಾಟ, ಮೊದಲು ಕಂಪ್ಲಿಯ ಸಂತೆಯಲ್ಲಿ ಒಂದು, ಮೆಣಸಿನಕಾಯಿ ರಾಶಿಯ ಮೇಲೆ, ಆಮೇಲೆ ಸಂಡೂರಲ್ಲಿ, ಹೊಸಪೇಟೆಯ ಸ್ಟೇಷನ್ನಿನ ಬೆಂಚಿನ ಮೇಲೆ, ಕೈಬರಹವನ್ನೇ ಕಲ್ಲಚ್ಚಿನಲ್ಲಿ ಒತ್ತಿದ ಒಂದೇ ಹಾಳೆ, ಯಾರು ಅಚ್ಚು ಹಾಕಿದರೆಂದು ಇಲ್ಲ, ಯಾವ ಊರೆಂದು ಇಲ್ಲ, ಬಾಯಿಗೆ ಬೀಗ ಅಂತ ಅದೇ ತಲೆಬರಹ, ಆ ವಾರ ಎಲ್ಲೆಲ್ಲಿ ಯಾರನ್ನು ಬಡಿದರು, ಕಟ್ಟಕಡೆಗೆ ಒಂದು ಸಾಲು, ಇದನ್ನು ಬರೆದವನು ತೀರಿಹೋಗಿದ್ದಾನೆ. ಜನ ಓದಿದರು, ಓದಿ ಕೈ ತೊಳೆದುಕೊಂಡರು, ಪೇದೆಯೊಬ್ಬ ಅದನ್ನು ಹರಿದು ಹಾಕಿದ ರಾತ್ರಿಯೇ ಅವನಿಗೆ ಜ್ವರ ಬಂತೆಂದು ಸುದ್ದಿ, ಆಮೇಲೆ ಠಾಣೆಯವರು ಕಡ್ಡಿಯಲ್ಲಿ ಎತ್ತಿ ಸುಡಲು ಸುರುಮಾಡಿದರು, ಆಮೇಲೆ ಎತ್ತುವುದನ್ನೇ ಬಿಟ್ಟರು. ಮೊದಮೊದಲು ಜಡೆಪ್ಪ ಒಳಗೊಳಗೇ ನಕ್ಕ, ನಮ್ಮ ಸಿದ್ದ ಬಲು ಆಟಗಾರ ಅಂತ. ಆಮೇಲೆ ಒಂದು ದಿನ ಗಿರಣಿಯಲ್ಲಿ ತನ್ನ ಗಲ್ಲಾಪೆಟ್ಟಿಗೆಯ ಮೇಲೇ ಅಂಥ ಹಾಳೆ ಬಿದ್ದಿತ್ತು, ಯಾರು ಇಟ್ಟರೆಂದು ಯಾರಿಗೂ ಗೊತ್ತಿಲ್ಲ, ಸಿದ್ದ ಬದುಕಿದ್ದಾನೆಂದು ಚೆನ್ನಾಗಿ ಗೊತ್ತಿದ್ದ ಜಡೆಪ್ಪ ಅದನ್ನು ಮುಟ್ಟಲು ಅಂಜಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು, ಹೋಗಿ ಕೊಟ್ರಯ್ಯನ ಮುಂದೆ ಎಲ್ಲಾ ಒಪ್ಪಿಸಿದ, ಅಯ್ನೋರ, ಆಜ್ಞೆ ವಾಪಸ್ ಆಗೈತಂತ, ಅವನ್ನ ಕರ್ಕೊಂಡು ಬರ್ತೀನಿ, ಹೊಸ ಲಿಂಗ ಕಟ್ಟಿಕೊಡ್ರಿ. ಮುದುಕರು ಬೈಯಬಹುದು ಅಂದುಕೊಂಡಿದ್ದ, ಬೈಯಲಿಲ್ಲ, ತಮ್ಮ ಬಲಗಾಲಿನ ಅಂಗಾಲನ್ನು ತಿರುಗಿಸಿ ನೋಡಿಕೊಂಡರು, ನಾ ನಾಟಕದ ಪಾದ ಇಟ್ಟಿಲ್ಲ ಜಡೆಪ್ಪಾ, ಖರೇನ ಇಟ್ಟೀನಿ, ಖರೇನ ಅವನ್ನ ಕಳಿಸೀನಿ, ಎಷ್ಟೋ ತಲಿ ಮ್ಯಾಲೆ ಇಟ್ಟ ಕಾಲಿದು, ನನ್ನ ಕಾಲಿಗೆ ಗೊತ್ತಾಗತಿರಲಿಲ್ಲೇನು, ಆ ತಲಿ ತಣ್ಣಗಿತ್ತು. ಅವತ್ತು ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿಸಿದ್ದೆವು ಅಯ್ನೋರೇ, ಅದಕ್ಕೇ ತಣ್ಣಗಿದ್ದದ್ದು ಅಂತ ಹೇಳಬೇಕಿತ್ತು, ಎದ್ದು ಬಂದುಬಿಟ್ಟ.

ಅಯ್ನೋರು ಹೊಸ ಲಿಂಗ ಕಟ್ಟಿಕೊಡದಿದ್ದರೆ ಹಳೆಯದೇ ಆಗಲಿ, ಅಷ್ಟರಲ್ಲಿ ಹರಿಗೋಲಿನ ಮೂಕಣ್ಣನ ಕೈಯಲ್ಲಿ ಸಿದ್ದಪ್ಪನ ಮಾತೂ ಬಂದಿತ್ತು, ಮೊಳೆ ತೆಗೆದು ತಂದುಕೊಡು ಅಂತ, ನೋಡಿದೆಯಾ, ಪತ್ರಿಕೆ ಮತ್ತೆ ಸುರುಮಾಡುತ್ತಾನೆ, ಊರಿಗೆ ಬರುತ್ತಾನೆ, ಬಜಾರದಲ್ಲಿ ನಿಂತು ಸುಳ್ಳನ್ನು ಒಪ್ಪಿಕೊಂಡರೆ ಎರಡು ದಿನ ಊರು ನಗುತ್ತದೆ, ಮೂರನೆಯ ದಿನ ಮರೆಯುತ್ತದೆ ಅಂತ ಜಡೆಪ್ಪ ಮನಸ್ಸಿನಲ್ಲೇ ಮಂಡಿಗೆ ಮೆದ್ದ, ಗದ್ದುಗೆ ಕಟ್ಟಿಸುತ್ತೇನೆ ಅಂತ ನೆಪ ಹೇಳಿ ಹಗಲು ಹೊತ್ತೇ ಗುಂಡಿ ತೆಗೆಸಿದ. ಉಪ್ಪು ಕಲ್ಲಾಗಿತ್ತು, ಕಲ್ಲಾದ ಉಪ್ಪಿನಲ್ಲಿ ಸಿದ್ದಪ್ಪ ಕೂತ ಸೊಂಟ, ಮಡಚಿದ ತೊಡೆ, ಎಲ್ಲಾ ಅಚ್ಚೊತ್ತಿದಂತೆ ಉಳಿದಿತ್ತು, ಗುದ್ದಲಿ ಹಿಡಿದ ಆಳು ಶಿವ ಶಿವಾ ಅಂತ ಮೇಲಕ್ಕೆ ಹತ್ತಿಬಿಟ್ಟ, ಜಡೆಪ್ಪನೇ ಇಳಿದು ಆ ಮಡಿಲಿನಂಥ ತಗ್ಗಿನೊಳಗೆ ಕೈ ಹಾಕಿ ಲಿಂಗವನ್ನು ಹುಡುಕಿ ತೆಗೆದ. ಸುವರ್ಣಿ ಅದನ್ನು ತೊಳೆದಳು, ಹಾಲಿನಲ್ಲಿ ತೊಳೆದಳು, ಹೊಸ ರೇಷ್ಮೆ ಅರಿವೆಯಲ್ಲಿ ಕಟ್ಟಿ ಹೊಸ ದಾರ ಹೊಸೆದಳು, ಇಷ್ಟು ದಿನ ಊರ ಕಣ್ಣಿಗೆ ಮುಂಡೆಯಾಗಿ ಬದುಕಿದವಳು, ಮುತ್ತೈದೆಯರು ಕುಂಕುಮದ ಬಟ್ಟಲು ಹಿಡಿದು ಅವಳನ್ನು ದಾಟಿ ಹೋದದ್ದನ್ನು ತಲೆ ತಗ್ಗಿಸಿ ನುಂಗಿದವಳು, ಒಮ್ಮೆ ಮಾತ್ರ ಬಾಯಿ ಬಿಟ್ಟಿದ್ದಳು, ಅಣ್ಣಾ, ನಾಟಕ ಅಂತ ನನಗ ಗೊತ್ತಿತ್ತು, ಬಳೆಗೆ ಗೊತ್ತಿರಲಿಲ್ಲಲ್ಲ, ಅವು ಖರೇನ ಒಡದುವು. ಇವತ್ತು ಬೆಳಿಗ್ಗೆ ಎತ್ತು ಹೂಡಿ ಒಳಗೆ ಹೋದರೆ ಅವಳು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಾಳೆ, ಮುಂದೆ ಔಡಲೆಣ್ಣೆಯ ಬಟ್ಟಲು, ಎರಡೂ ಕೈಗೆ ಮುಂಗೈ ತನಕ ಎಣ್ಣೆ ಹಚ್ಚಿ ಗೆಣ್ಣುಗಳನ್ನು ನೀವಿಕೊಳ್ಳುತ್ತಿದ್ದಾಳೆ, ಏನವ್ವ ಅದು ಅಂದರೆ ನಾಚಿದಳು, ಬಳೆ ಬಿಟ್ಟು ಭಾಳ ದಿನ ಆತಲ್ಲಣ್ಣ, ಕೈ ಬಿರುಸಾಗ್ಯಾವ, ಸಂಜಿಗೆ ಬಳೆಗಾರನ್ನ ಕರದ್ರ ಏರಬೇಕಲ್ಲ. ರೊಟ್ಟಿ, ಎಣ್ಣೆಗಾಯಿ ಬುತ್ತಿ ಕಟ್ಟಿಕೊಟ್ಟಳು, ಗಂಟಿನ ಮೇಲೆಲ್ಲ ಎಣ್ಣೆಯ ಬೆರಳಿನ ಗುರುತು, ಈಗಲೂ ಇದೆ, ಜಡೆಪ್ಪ ಗಂಟನ್ನು ಮುಟ್ಟಿ ನೋಡಿದ, ಹೌದು, ಇದೆ.

ಓ ಸಾವ್ಕಾರ್ರ — ಮೂಕಣ್ಣನ ದನಿ, ಬಂಡೆಯ ಮಗ್ಗುಲಿನಿಂದಲೇ ಹರಿಗೋಲು ಬಿಚ್ಚಿಕೊಂಡಂತೆ ಹೊರಬಂತು, ತಿರುಗುತ್ತಾ ತಿರುಗುತ್ತಾ, ಹುಟ್ಟು ಹಾಕುವ ಮೂಕಣ್ಣ ಬೆನ್ನು ಮಾಡಿ ನಿಂತಿದ್ದಾನೆ, ಒಳಗೆ ಕೂತವನ ಕಡೆಗೆ ತಿರುಗಿಯೂ ನೋಡುವುದಿಲ್ಲ, ಮೊನ್ನೆ ಹೇಳಿದ್ದನಲ್ಲ, ಅವರು ಕುಂತ್ರ ಹರಿಗೋಲಿಗೆ ತೂಕ ಗೊತ್ತಾಗಂಗಿಲ್ರಿ, ಒಬ್ನ ಹೊಂಟಂಗ ಆಕ್ಕೈತಿ. ಹುಚ್ಚು ಮುಂಡೇದೇ, ಉಂಡು ಎಷ್ಟು ದಿನವಾಯಿತೋ, ಮನುಷ್ಯ ಸೊರಗಿದ್ದಾನೆ, ಅದಕ್ಕೆ ತೂಕವಿಲ್ಲ, ಇಷ್ಟಕ್ಕೇ ದೆವ್ವ ಮಾಡುತ್ತಾರಲ್ಲ ಜನ — ಸೊರಗಿದ್ದ, ಖರೇನೇ ಸೊರಗಿದ್ದ, ದಡಕ್ಕೆ ಕಾಲಿಟ್ಟ ಸಿದ್ದಪ್ಪನ ಹಣೆಯಲ್ಲಿ ವಿಭೂತಿಯಿಲ್ಲ, ಮೈ ಮಾತ್ರ ಬೂದಿಯ ಬಣ್ಣ, ಕಣ್ಣು ಬಿಸಿಲಿಗೆ ಕಿರಿದಾಗುತ್ತಿಲ್ಲ, ಸುಖವ ದುಃಖವ ಅಂತ ಒಂದು ಮಾತಿಲ್ಲ, ಮೊಳೆ ತಂದೀಯೇನು ಭಾವ ಅಂದ. ತಂದೀನಪ್ಪಾ, ಮೊಳೆ ಎಲ್ಲಿ ಹೋಗತಾವ, ನಡಿ, ಬಂಡಿ ಹತ್ತು, ಆಜ್ಞೆ ಹೋತು, ನಿನ್ನ ಮ್ಯಾಲಿನ ಕೇಸೂ ಹೋತು, ಮನಿಗೆ ಹೋಗೂಣು ಅಂತ ಜಡೆಪ್ಪ ಅವನ ತೋಳು ಹಿಡಿದ, ಹಿಡಿದವನು ಬಿಟ್ಟ, ಇಂಥ ಬಿಸಿಲಲ್ಲಿ ಆ ತೋಳು ನೀರಿನ ಕೊಡದ ಹಾಗೆ ತಣ್ಣಗಿತ್ತು. ಈ ಆಜ್ಞೆ ಹೋತು, ಮಳಿಗಾಲಕ್ಕ ಇನ್ನೊಂದು ಬರ್ತೈತಿ, ಒಪ್ಪಂದ ಆದ ಮ್ಯಾಲೂ ಆದವಾನ್ಯಾಗ ಒಬ್ಬನ್ನ ಒಯ್ದಾರ, ನಿನಗ ಗೊತ್ತಿಲ್ಲೇನು ಅಂದ ಸಿದ್ದಪ್ಪ, ಗೊತ್ತಿತ್ತು, ಮೊನ್ನೆಯೇ ಬಂಡಿಯವನು ಹೇಳಿದ್ದ, ಜಡೆಪ್ಪ ಅದನ್ನು ಕೇಳಿಯೂ ಕೇಳದವನ ಹಾಗೆ ತೂಕದ ಕಲ್ಲು ಎತ್ತಿಟ್ಟಿದ್ದ. ನಾ ಬದುಕಿ ಬರೆದಾಗ ಯಂತ್ರಕ್ಕ ಮೊಹರು ಬಿತ್ತು, ಸತ್ತು ಬರೆದಾಗ ಅದ ಪೇದಿ ಹಾಳಿ ಮುಟ್ಟಾಕ ಅಂಜತಾನ, ನಾಳಿ ನಾ ಬಜಾರದಾಗ ಬಂದು ನಿಂತ್ರ ಅದು ಬರೀ ಹಾಳಿ ಆಗತೈತಿ ಭಾವ, ಹರಿತಾರ, ಒಯ್ಯತಾರ, ಬೆರಳು ಮುರಿತಾರ. ಕಲ್ಲಚ್ಚಿನಾಗ ನನ್ನ ಕೈಬರಹ ಗುರ್ತು ಹತ್ತತೈತಿ ಅಂತ ಮೊಳೆ ಕೇಳಿದೆ, ಊರಿಗೆ ಬರಾಕಲ್ಲ. ಮತ್ತ ಸುವರ್ಣಿ, ಅಂದ ಜಡೆಪ್ಪ. ಹೆಂಗದಾಳ ಅಂದ ಸಿದ್ದಪ್ಪ, ನೀರನ್ನು ನೋಡುತ್ತಾ. ಕಾಯಾಕತ್ಯಾಳೋ, ಇನ್ನೇನು ಮಾಡ್ಯಾಳು ಅಂತ ಜಡೆಪ್ಪ ಒಳಜೇಬಿನಿಂದ ಲಿಂಗದ ರೇಷ್ಮೆ ಗಂಟನ್ನು ತೆಗೆದು ಮುಂದೆ ಹಿಡಿದ, ಸಿದ್ದಪ್ಪನ ಎಡಗೈ ತಾನಾಗಿ ಎದ್ದಿತು, ಅಂಗೈ ಅರಳಿತು, ಇನ್ನೇನು ಬಂತು, ಬಂತು ಶಿವನೇ ಅಂದುಕೊಂಡ ಜಡೆಪ್ಪ, ಆ ಕೈ ಹಿಂದಕ್ಕೆ ಹೋಯಿತು. ಬ್ಯಾಡ ಭಾವ, ಇದು ಕೈಗೆ ಬಂದ್ರ ಪೂಜಿ ಮಾಡಬೇಕು, ಪೂಜಿ ಮಾಡಿದ್ರ ಉಣಬೇಕು, ಉಂಡ್ರ ಮನಿ ನೆನಪಾಗತೈತಿ, ಮನಿ ನೆನಪಾದ್ರ ನಾ ಬದುಕತೀನಿ, ಬ್ಯಾಡ. ಅಕಿಗೆ ಏನಂತ ಹೇಳ್ಲೋ, ಜಡೆಪ್ಪ ಕೂಗಿದನೋ ಅತ್ತನೋ, ದನಿ ಮಂಟಪಕ್ಕೆ ಬಡಿದು ಮರಳಿ ಬಂತು. ಸತ್ತಾನ ಅಂತ ಹೇಳು, ನೀನ ಮಣ್ಣು ಮಾಡೀಯಲ್ಲ, ನಿನ್ನ ಮಾತು ನಂಬತಾಳ ಅಂದ ಸಿದ್ದಪ್ಪ, ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಬಹಳ ಮೆತ್ತಗೆ ಹೇಳಿದ.

ಸಿದ್ದಪ್ಪ ಬುತ್ತಿಯನ್ನೂ ಮುಟ್ಟಲಿಲ್ಲ, ಮೂಕಣ್ಣನೇ ಅದನ್ನು ತನ್ನ ಜನ ಸತ್ತವರಿಗೆ ಎಡೆ ಇಡುವ ಪದ್ಧತಿಯಂತೆ ಒಂದು ಕಲ್ಲಿನ ಮೇಲೆ ಬಿಚ್ಚಿಟ್ಟು ದೂರ ಸರಿದು ನಿಂತ, ಮಂಟಪದ ಕಾಗೆ ಇಳಿದು ಬಂತು. ಕಪಾಳಕ್ಕೆ ಬಾರಿಸಬೇಕಿತ್ತು, ಹೆಡೆಮುರಿ ಕಟ್ಟಿ ಬಂಡಿಗೆ ಎಸೆಯಬೇಕಿತ್ತು, ಆ ಕ್ಷಣಕ್ಕೆ ಜಡೆಪ್ಪ ಮಾಡಿದ್ದೇನು — ಬಂಡಿಯಿಂದ ಮೊಳೆಯ ಚೀಲ ಇಳಿಸಿ ಹೆಗಲ ಮೇಲೆ ಹೊತ್ತು ಹರಿಗೋಲಿಗೆ ಹಾಕಿದ, ತಾನೇ, ಒಂದಾದ ಮೇಲೊಂದು, ಹುಷಾರು, ನೆನಿಯಂಗಿಲ್ಲ ಅಂತ ಬುದ್ಧಿ ಬೇರೆ ಹೇಳಿದ, ಎಷ್ಟು ಜನರನ್ನು ದಾಟಿಸಿದ ಕೈ ಇದು, ರೂಢಿ, ಕೈ ತನ್ನ ಕೆಲಸ ತಾನು ಮಾಡಿತು. ಬೇರೆಯವರ ತಂಗಿಯ ಗಂಡನಾಗಿದ್ದರೆ ಭಲೆ ಅನ್ನುತ್ತಿದ್ದೆ, ಇಂಥ ಎದೆ ಯಾರಿಗುಂಟು, ಸತ್ತು ಬರೆಯುವವನನ್ನು ಯಾವ ಸರಕಾರ ಹಿಡಿಯುತ್ತದೆ ಅಂತ ಗಿರಣಿಯ ಕಟ್ಟೆಯ ಮೇಲೆ ಕೂತು ಕೊಂಡಾಡುತ್ತಿದ್ದೆ, ಹೌದೋ ಅಲ್ಲವೋ, ಹೌದು. ಹರಿಗೋಲು ಈಗ ಸೀಸದ ಭಾರಕ್ಕೆ ಅಂಚಿನ ತನಕ ಕುಸಿದು ಹೋಯಿತು, ಸಿದ್ದಪ್ಪ ಚೀಲಗಳ ನಡುವೆ ಬೆನ್ನು ನೆಟ್ಟಗೆ ಮಾಡಿ, ಕಾಲು ಮಡಚಿ, ಕಣ್ಣು ಮುಚ್ಚಿ ಕೂತ, ವಿಮಾನದಲ್ಲಿ ಕೂತಂತೆಯೇ, ತಿರುಗುತ್ತಾ ತಿರುಗುತ್ತಾ ಹೋದರು, ಬಂಡೆಯ ಹತ್ತಿರ ಯಾವುದು ಬಂಡೆ ಯಾವುದು ಹರಿಗೋಲು ತಿಳಿಯಲಿಲ್ಲ. ಎತ್ತುಗಳು ಯಾವಾಗ ಎದ್ದವು, ಯಾವಾಗ ಹೊರಟವು, ಕಮಲಾಪುರದ ಬಾಳೆತೋಟ ಬಂತು, ಯಾರೋ ಶರಣ್ರೀ ಸಾವ್ಕಾರ್ರ ಅಂದರು, ಬಾಯಿ ಶರಣು ಅಂದಿತು, ಕೆರೆಯ ಏರಿ ಬಂತು, ಅಂಗಿಯ ಒಳಜೇಬಿನಲ್ಲಿ ಲಿಂಗದ ಗಂಟು ಎದೆಗೆ ಒತ್ತುತ್ತಿದೆ, ಹಾಲಿನ ವಾಸನೆ; ಏನು ಹೇಳುವುದು, ನಾಳೆ ಬರುತ್ತಾನೆ ಅನ್ನುವುದೋ, ಜ್ವರ ಅನ್ನುವುದೋ, ಒಂದು ಸುಳ್ಳು ಹೇಳಿ ಊರನ್ನೇ ನಂಬಿಸಿದವನಿಗೆ ಇನ್ನೊಂದು ಸುಳ್ಳು ಹೊಳೆಯುವುದಿಲ್ಲವೇ, ಸತ್ತಾನ ತಂಗಿ ಅನ್ನುವುದೋ, ಖರೇನ ಸತ್ತಾನ, ನಾ ನೋಡಿ ಬಂದೆ, ಲಿಂಗ ವಾಪಸ್ ತಂದೀನಿ, ಹಿಡಿ — ಹಿಡಿ ಅಂದರೆ ಹಿಡಿಯಬೇಕಲ್ಲ ಅವಳು, ಬೀದಿಯ ತಿರುವಿನಲ್ಲಿ ಗಂಟೆಯ ಸಪ್ಪಳ ಕೇಳಿಯೇ ಹೊರಗೆ ಬಂದಿರುತ್ತಾಳೆ, ಬಂಡಿಯಲ್ಲಿ ಒಬ್ಬನೇ ಇರುವುದನ್ನು ದೂರದಿಂದಲೇ ನೋಡಿರುತ್ತಾಳೆ, ನೋಡಿಯೂ ನಂಬದೆ ಹೊಟ್ಟಿನ ಚೀಲದ ಹಿಂದೆ ಮಲಗಿರಬಹುದು ಅಂತ ಬಗ್ಗಿ ನೋಡಿರುತ್ತಾಳೆ, ಆಮೇಲೆ ಕೈ ಚಾಚುತ್ತಾಳೆ, ಎಣ್ಣೆ ಹಚ್ಚಿ ಹದಮಾಡಿದ, ಮೆತ್ತಗಾದ, ಬಳೆ ಏರಲು ಸಿದ್ಧವಾದ ಎರಡು ಕೈ, ಬರಿಗೈ, ಎರಡು ಕೈ, ಎಣ್ಣೆಗೆ ಹೊಳೆಯುವ ಎರಡು ಬರಿಗೈ